ಮಲಾವಿಯಲ್ಲಿ ಅರಿವಳಿಕೆ ಕೊಟ್ಟವರು ಯಾರು?

ಕಳೆದ ಸಂಚಿಕೆಯಲ್ಲಿ ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಬಗ್ಗೆ ಉತ್ತರಿಸುತ್ತಾ ಒಂದು ಸಾಲು ಬರೆದಿದ್ದೆ. ಆ ಕೆಲಸದ ನಿಜವಾದ ಹದ ನನಗೆ ಸಿಕ್ಕಿದ್ದು ಆಫ್ರಿಕಾದ ಮಲಾವಿಯಲ್ಲಿ, ಅದೂ ಡಾಕ್ಟರ್ ಅಲ್ಲದ ಒಬ್ಬರ ಪಕ್ಕದಲ್ಲಿ ನಿಂತು ನೋಡಿ, ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಈ ಅಂಕಣದ ಬೇರೆ ಯಾವುದಕ್ಕೂ ಬಂದಿಲ್ಲ. ಕೆಲವರಿಗೆ ಕುತೂಹಲ, ಕೆಲವರಿಗೆ ಗಾಬರಿ, ಒಂದಿಬ್ಬರಿಗೆ ಸಿಟ್ಟು. ಆದ್ದರಿಂದ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ಎಲ್ಲವೂ ಮಲಾವಿಯದ್ದೇ.

ಪ್ರಶ್ನೆ: ಮಲಾವಿಯಲ್ಲಿ ಮೊದಲ ಸಲ ಅರಿವಳಿಕೆ ಕೊಟ್ಟದ್ದು ಯಾವಾಗ? ಬ್ರಿಟಿಷರು ಬಂದಮೇಲೆಯೇ? — ನಿವೃತ್ತ ಇತಿಹಾಸ ಮೇಷ್ಟ್ರು

ಬ್ರಿಟಿಷ್ ಆಡಳಿತ ಬರುವುದಕ್ಕೂ ಮೊದಲೇ ಮೇಷ್ಟ್ರೇ. ಮಿಷನರಿಗಳ ಜೊತೆ ಬಂತು.

1875ರ ಅಕ್ಟೋಬರ್‌ನಲ್ಲಿ 'ಇಲಾಲಾ' ಎಂಬ ಚಿಕ್ಕ ಉಗಿ ಹಡಗು ಮಲಾವಿ ಸರೋವರಕ್ಕೆ ಇಳಿಯಿತು. ಅದರಲ್ಲಿ ಸ್ಕಾಟ್‌ಲೆಂಡಿನ ಲಿವಿಂಗ್‌ಸ್ಟೋನಿಯಾ ಮಿಷನ್‌ನವರು ಇದ್ದರು. ಅವರ ಜೊತೆ ರಾಬರ್ಟ್ ಲಾಸ್ ಎಂಬ ಇಪ್ಪತ್ತರ ಹರೆಯದ ಡಾಕ್ಟರ್ ಇದ್ದರು. ಸರೋವರದ ದಕ್ಷಿಣ ತುದಿಯ ಕೇಪ್ ಮಕ್ಲಿಯರ್‌ನಲ್ಲಿ ಬೀಡು ಬಿಟ್ಟರು. ಮರು ವರ್ಷ, ಅಂದರೆ 1876ರ ಮಾರ್ಚ್‌ನಲ್ಲಿ, ಒಬ್ಬ ಸ್ಥಳೀಯನ ಕಣ್ಣಿನ ಮೇಲಿದ್ದ ಗಡ್ಡೆಯನ್ನು ಲಾಸ್ ಕ್ಲೋರೋಫಾರ್ಮ್ ಕೊಟ್ಟು ತೆಗೆದರು. ಆ ಭಾಗದಲ್ಲಿ ದಾಖಲಾದ ಮೊದಲ ಅರಿವಳಿಕೆ ಇದು. ಅಲ್ಲಿ ಬ್ರಿಟಿಷರ ರಕ್ಷಿತ ಪ್ರದೇಶ ಘೋಷಣೆಯಾದದ್ದು 1891ರಲ್ಲಿ. 1907ರಲ್ಲಿ ನ್ಯಾಸಾಲ್ಯಾಂಡ್ ಅಂತ ಹೆಸರಾಯಿತು. 1964ರ ಜುಲೈ 6ರಂದು ಸ್ವಾತಂತ್ರ್ಯ ಬಂದಾಗ ಮಲಾವಿ ಆಯಿತು.

ಆ ಕಾಲದ ಇನ್ನೊಂದು ಅರಿವಳಿಕೆ ಔಷಧಿಯಾದ ಈಥರ್ ಬಿಟ್ಟು ಕ್ಲೋರೋಫಾರ್ಮ್ ಯಾಕೆ ಅಂತ ಕೇಳಬಹುದು. ಒಂದು ಕಾರಣ, ಲಾಸ್ ಸ್ಕಾಟ್‌ಲೆಂಡಿನವರು. 1847ರಲ್ಲಿ ಕ್ಲೋರೋಫಾರ್ಮನ್ನು ಬಳಕೆಗೆ ತಂದ ಜೇಮ್ಸ್ ಸಿಂಪ್ಸನ್ ಎಡಿನ್‌ಬರಾದವರು. ಅಲ್ಲಿನ ಡಾಕ್ಟರುಗಳಿಗೆ ಅದೇ ಅಭ್ಯಾಸ. ಇನ್ನೊಂದು ಕಾರಣ ಬಿಸಿಲು. ಈಥರ್ ಸುಮಾರು 35 ಡಿಗ್ರಿಗೆ ಕುದಿಯುತ್ತದೆ. ಅಕ್ಟೋಬರ್ ತಿಂಗಳಲ್ಲಿ ಆ ಸರೋವರದ ದಂಡೆಯಲ್ಲಿ ನಿಂತವರಿಗೆ ಗೊತ್ತು, ಈಥರ್ ಬಾಟಲಿ ತೆರೆದರೆ ರೋಗಿಗೆ ಸೇರುವುದಕ್ಕಿಂತ ಗಾಳಿಗೆ ಸೇರುವುದೇ ಜಾಸ್ತಿ. ಕ್ಲೋರೋಫಾರ್ಮ್ 61 ಡಿಗ್ರಿಯವರೆಗೆ ಕುದಿಯುವುದಿಲ್ಲ, ಬೆಂಕಿ ಹತ್ತುವುದಿಲ್ಲ, ಸ್ವಲ್ಪವೇ ಸಾಕು. ಹೊರೆ ಹೊತ್ತು ನಡೆಯುವ ಕಾಲದಲ್ಲಿ ಚಿಕ್ಕ ಬಾಟಲಿ ದೊಡ್ಡ ಅನುಕೂಲ. ಆದರೆ ಅದು ಅಪಾಯದ ಔಷಧಿ. ಆರೋಗ್ಯವಾಗಿದ್ದವರ ಹೃದಯವನ್ನೂ ಇದ್ದಕ್ಕಿದ್ದಂತೆ ನಿಲ್ಲಿಸಬಲ್ಲದು. ಇಂಗ್ಲೆಂಡಿನಲ್ಲಿ ಅದರಿಂದ ಮೊದಲ ಸಾವು ಆದದ್ದು 1848ರ ಜನವರಿಯಲ್ಲಿ, ಹದಿನೈದು ವರ್ಷದ ಹುಡುಗಿ. ಕಾಲ್ಬೆರಳಿನ ಉಗುರು ತೆಗೆಯುವ ಆಪರೇಷನ್ ಅಷ್ಟೇ. ಲಾಸ್‌ಗೆ ಇದೆಲ್ಲ ತಿಳಿದೇ ಇತ್ತು. ತಿಳಿದೂ ಆ ಬಾಟಲಿ ಎತ್ತಿಕೊಂಡರು. ಬೇರೆ ದಾರಿ ಇರಲಿಲ್ಲ.

ಪ್ರಶ್ನೆ: ಬಿಳಿಯರು ಬರುವ ಮೊದಲು ಆಫ್ರಿಕಾದವರಿಗೆ ನೋವು ಕಡಿಮೆ ಮಾಡುವ ವಿದ್ಯೆ ಗೊತ್ತೇ ಇರಲಿಲ್ಲವೇ? — ಪದವಿ ವಿದ್ಯಾರ್ಥಿ

ಮಲಾವಿಯದ್ದೇ ಉದಾಹರಣೆ ಕೊಡುವಷ್ಟು ಗಟ್ಟಿ ದಾಖಲೆ ನನ್ನ ಕೈಯಲ್ಲಿಲ್ಲ. ಉತ್ತರಕ್ಕೆ ಇಂದಿನ ಉಗಾಂಡಾದಿಂದ ಒಂದು ಇದೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

1879ರಲ್ಲಿ ಬುನ್ಯೋರೊ ರಾಜ್ಯದ ಕಹೂರ ಎಂಬಲ್ಲಿ ರಾಬರ್ಟ್ ಫೆಲ್ಕಿನ್ ಎಂಬ ಬ್ರಿಟಿಷ್ ಮಿಷನರಿ ಒಂದು ಸಿಸೇರಿಯನ್ ಕಣ್ಣಾರೆ ನೋಡಿದ. ಮಾಡಿದವರು ಸ್ಥಳೀಯ ವೈದ್ಯರು. ಇಪ್ಪತ್ತರ ಆಸುಪಾಸಿನ ಚೊಚ್ಚಲ ಬಸುರಿಗೆ ಬಾಳೆಹಣ್ಣಿನ ಮದ್ಯ ಕುಡಿಸಿ ಮಂಪರು ಬರಿಸಿದ್ದರು. ಅದೇ ಮದ್ಯದಿಂದ ವೈದ್ಯ ತನ್ನ ಕೈ ತೊಳೆದ, ಆಕೆಯ ಹೊಟ್ಟೆಯನ್ನೂ ತೊಳೆದ. ರಕ್ತ ಬರುವ ಕಡೆ ಕಾದ ಕಬ್ಬಿಣ ಮುಟ್ಟಿಸಿದರು. ಗಾಯವನ್ನು ಏಳು ಕಬ್ಬಿಣದ ಮುಳ್ಳುಗಳಿಂದ ಕೂಡಿಸಿ, ನಾರಿನ ದಾರ ಸುತ್ತಿ, ಬೇರುಗಳನ್ನು ಅರೆದ ಲೇಪ ಹಚ್ಚಿದರು. ತಾಯಿ ಉಳಿದಳು, ಮಗು ಉಳಿಯಿತು. ಹನ್ನೊಂದನೇ ದಿನಕ್ಕೆ ಗಾಯ ಕೂಡಿತ್ತು. ಫೆಲ್ಕಿನ್ ಇದನ್ನು 1884ರಲ್ಲಿ ಎಡಿನ್‌ಬರಾದಲ್ಲಿ ಪ್ರಕಟಿಸಿದ.

ಬಾಳೆಹಣ್ಣಿನ ಮದ್ಯ ಪೂರ್ತಿ ಅರಿವಳಿಕೆ ಅಲ್ಲ. ಆಕೆಯನ್ನು ಹಿಡಿದುಕೊಳ್ಳಲು ಜನ ಬೇಕಾಗಿತ್ತು. ಆದರೆ ನೋವು ಕಡಿಮೆ ಮಾಡಬೇಕು, ಕೈ ತೊಳೆಯಬೇಕು ಎಂಬ ಎರಡೂ ವಿಚಾರ ಅಲ್ಲಿತ್ತು. ಅದೇ ಕಾಲದಲ್ಲಿ ಯೂರೋಪಿನ ಎಷ್ಟೋ ಸರ್ಜನ್‌ಗಳು ಕೈ ತೊಳೆಯುವ ವಿಷಯದಲ್ಲಿ ಇನ್ನೂ ಜಗಳ ಆಡುತ್ತಿದ್ದರು.

ಪ್ರಶ್ನೆ: ಆಫ್ರಿಕಾದ ಹೆಂಗಸರು ನೋವು ಚೆನ್ನಾಗಿ ತಡೆದುಕೊಳ್ಳುತ್ತಾರೆ, ಅವರಿಗೆ ಅರಿವಳಿಕೆ ಅಷ್ಟಾಗಿ ಬೇಕಾಗಿರಲಿಲ್ಲ ಎಂದು ಎಲ್ಲೋ ಓದಿದ್ದೆ. ನಿಜವೇ? — ಗೃಹಿಣಿ

ಸುಳ್ಳು. ಬರೀ ಸುಳ್ಳಲ್ಲ, ಕೆಟ್ಟ ಸುಳ್ಳು. ವಸಾಹತು ಕಾಲದ ಡಾಕ್ಟರುಗಳಲ್ಲಿ ಇಂಥ ಮಾತು ಬಹಳ ಇತ್ತು. ಔಷಧಿ ಕಡಿಮೆ ಇದ್ದಾಗ ಯಾರಿಗೆ ಕೊಡದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸಲು ಈ ನಂಬಿಕೆ ತುಂಬಾ ಸಹಾಯಕ್ಕೆ ಬಂತು.

ಮಲಾವಿಯ ಬ್ಲಾಂಟೈರ್ ನಗರದ ಹೆರಿಗೆ ವಾರ್ಡಿನಲ್ಲಿ ನಾನು ಕಂಡ ಅನೇಕ ಹೆಂಗಸರು ಕೂಗುತ್ತಿರಲಿಲ್ಲ. ಕೂಗಿದರೆ ಹಿರಿಯರ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು. ಆದರೆ ನಾಡಿ ಹಿಡಿದರೆ 130 ಓಡುತ್ತಿರುತ್ತಿತ್ತು. ಹಣೆ ಬೆವರಿರುತ್ತಿತ್ತು. ಮಂಚದ ಕಂಬಿ ಹಿಡಿದ ಬೆರಳು ಬಿಡಿಸಲು ಆಗುತ್ತಿರಲಿಲ್ಲ. ಸುಮ್ಮನಿದ್ದಾರೆ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ಇದನ್ನು ನಾನು ಪ್ರತಿ ವಿದ್ಯಾರ್ಥಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಪ್ರಶ್ನೆ: ಡಾಕ್ಟರ್ ಅಲ್ಲದವರು ಅರಿವಳಿಕೆ ಕೊಡುವುದೇ? ಅದನ್ನು ನೀವು ಹೊಗಳುತ್ತೀರಲ್ಲ, ಇದು ಬಡವರ ಜೀವದ ಜೊತೆ ಆಟ ಅಲ್ಲವೇ? — ಒಬ್ಬ ವೈದ್ಯರು

ಡಾಕ್ಟರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಸ್ವಲ್ಪ ಹಿಂದಿನಿಂದ ಬರೋಣ.

ಮಿಷನ್ ಆಸ್ಪತ್ರೆಯಲ್ಲಿ ಸರ್ಜನ್ ಒಬ್ಬರೇ ಇರುತ್ತಿದ್ದರು. ಕತ್ತಿ ಹಿಡಿದ ಕೈ ಕ್ಲೋರೋಫಾರ್ಮ್ ಹನಿಸಲು ಆಗುವುದಿಲ್ಲ. ಹಾಗಾಗಿ ರೋಗಿಯ ತಲೆಯ ಬಳಿ ಇನ್ನೊಬ್ಬರು ಬೇಕು. ನರ್ಸ್ ಇದ್ದರೆ ನರ್ಸ್, ಡಾಕ್ಟರ ಹೆಂಡತಿ ಇದ್ದರೆ ಆಕೆ, ಯಾರೂ ಇಲ್ಲದಿದ್ದರೆ ಮಿಷನ್ ಶಾಲೆಯಲ್ಲಿ ಓದಿ ಆಸ್ಪತ್ರೆಗೆ ಸೇರಿದ ಸ್ಥಳೀಯ ಹುಡುಗ. ತಂತಿ ಚೌಕಟ್ಟಿನ ಮೇಲೆ ಗಾಜ್ ಬಟ್ಟೆ, ಅದರ ಮೇಲೆ ಹನಿ ಹನಿಯಾಗಿ ಔಷಧಿ, ಒಂದು ಬೆರಳು ದವಡೆಯ ಕೆಳಗೆ, ಕಿವಿ ಉಸಿರಿನ ಕಡೆ. ಈ ಹುಡುಗರನ್ನೇ ಮುಂದೆ ಹಾಸ್ಪಿಟಲ್ ಅಸಿಸ್ಟೆಂಟ್, ಆಮೇಲೆ ಮೆಡಿಕಲ್ ಅಸಿಸ್ಟೆಂಟ್ ಎಂದು ಕರೆದರು. ಕೆಲಸ ಅವರದ್ದು. ವರದಿಯಲ್ಲಿ ಹೆಸರು ಸರ್ಜನ್‌ದು. ಹಳೆಯ ಮಿಷನ್ ದಾಖಲೆಗಳಲ್ಲಿ ಎಷ್ಟು ಹುಡುಕಿದರೂ ಅವರಲ್ಲಿ ಹೆಚ್ಚಿನವರ ಹೆಸರು ಸಿಗುವುದಿಲ್ಲ. ಈ ಇತಿಹಾಸದಲ್ಲಿ ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಡಾಕ್ಟರುಗಳು ಎಲ್ಲಿದ್ದರು ಅಂದರೆ, ಬ್ರಿಟಿಷರು ಅಲ್ಲಿ ಇದ್ದಷ್ಟು ಕಾಲ ಮೆಡಿಕಲ್ ಕಾಲೇಜ್ ಕಟ್ಟಲೇ ಇಲ್ಲ. ಡಾಕ್ಟರಾಗಬೇಕು ಅನ್ನುವ ಮಲಾವಿಯವರು ಸಮುದ್ರ ದಾಟಬೇಕಿತ್ತು. ಡೇನಿಯಲ್ ಮಲೆಕೆಬು ಅಮೆರಿಕಕ್ಕೆ ಹೋಗಿ 1917ರಲ್ಲಿ ಮೆಹಾರಿ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರಾದರು. 1926ರಲ್ಲಿ ವಾಪಸು ಬಂದು ಚಿರಾಡ್ಜುಲುವಿನಲ್ಲಿ ಮಿಷನ್ ನಡೆಸಿದರು. ದೇಶದ ಮೊದಲ ಅಧ್ಯಕ್ಷ ಹೇಸ್ಟಿಂಗ್ಸ್ ಬಾಂಡಾ ಕೂಡ ಅದೇ ಮೆಹಾರಿಯಲ್ಲಿ 1937ರಲ್ಲಿ ಓದು ಮುಗಿಸಿದ ಡಾಕ್ಟರ್. ಆದರೂ ಮಲಾವಿಯ ಸ್ವಂತ ಮೆಡಿಕಲ್ ಕಾಲೇಜ್ ಬ್ಲಾಂಟೈರ್‌ನಲ್ಲಿ ಶುರುವಾದದ್ದು 1991ರಲ್ಲಿ. ಸ್ವಾತಂತ್ರ್ಯ ಬಂದು 27 ವರ್ಷ ಆದಮೇಲೆ!

ಅಲ್ಲಿಯವರೆಗೆ ಹೆರಿಗೆ ನಿಲ್ಲುತ್ತದೆಯೇ? ಹರ್ನಿಯಾ ಸಿಕ್ಕಿಕೊಳ್ಳುವುದು ನಿಲ್ಲುತ್ತದೆಯೇ? ಹಾಗಾಗಿ ಕ್ಲಿನಿಕಲ್ ಆಫೀಸರ್ ಎಂಬ ದರ್ಜೆ ಬೆಳೆಯಿತು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅವರಲ್ಲಿ ಕೆಲವರು ಮತ್ತೆ ಹದಿನೆಂಟು ತಿಂಗಳು ಅರಿವಳಿಕೆಯನ್ನೇ ಕಲಿಯುತ್ತಾರೆ. ಅವರೇ ಅನಸ್ತೆಟಿಕ್ ಕ್ಲಿನಿಕಲ್ ಆಫೀಸರ್. ಜಿಲ್ಲಾ ಆಸ್ಪತ್ರೆಗಳಲ್ಲಿ ಹೊಟ್ಟೆ ತೆರೆದು ಮಗು ತೆಗೆಯುವವರೂ ಬಹುಪಾಲು ಕ್ಲಿನಿಕಲ್ ಆಫೀಸರೇ. ತಲೆಯ ಬಳಿ ಕೂತವರೂ ಅವರೇ. ಇಂದಿಗೂ ಆ ದೇಶದ ಅರಿವಳಿಕೆಯ ಭಾರ ಹೊತ್ತವರು ಇವರು. ಅವರಿಲ್ಲದಿದ್ದರೆ ಅಲ್ಲಿ ತಜ್ಞ ಡಾಕ್ಟರ್ ಬರುತ್ತಿರಲಿಲ್ಲ, ಯಾರೂ ಬರುತ್ತಿರಲಿಲ್ಲ ಅಷ್ಟೇ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಸುರಕ್ಷಿತವೇ? ಇದಕ್ಕೆ ಮಲಾವಿಯಿಂದಲೇ ಒಂದು ದೊಡ್ಡ ಅಧ್ಯಯನ ಇದೆ. 1998ರಿಂದ 2000ದವರೆಗೆ 25 ಆಸ್ಪತ್ರೆಗಳಲ್ಲಿ ನಡೆದ 8070 ಸಿಸೇರಿಯನ್‌ಗಳನ್ನು ದಾಖಲಿಸಿದರು. ಬ್ಲಾಂಟೈರ್‌ನಲ್ಲಿ ಅರಿವಳಿಕೆ ವೈದ್ಯರಾಗಿದ್ದ ಪಾಲ್ ಫೆಂಟನ್ ಮತ್ತು ಜೊತೆಯವರು ಅದನ್ನು 2003ರಲ್ಲಿ ಪ್ರಕಟಿಸಿದರು. 85 ತಾಯಂದಿರು ತೀರಿಕೊಂಡಿದ್ದರು. ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಇದು ಬಹಳ ದೊಡ್ಡ ಸಂಖ್ಯೆ, ನಾನು ಅದನ್ನು ಮುಚ್ಚಿಡುವುದಿಲ್ಲ. ಸಾವು ಎಲ್ಲಿ ಹೆಚ್ಚಿತ್ತು ಅಂತ ನೋಡಿದಾಗ ಗರ್ಭಕೋಶ ಒಡೆದು ಬಂದವರಲ್ಲಿ, ತುಂಬಾ ರಕ್ತ ಹೋದವರಲ್ಲಿ ಹೆಚ್ಚಿತ್ತು. ಬೆನ್ನಿಗೆ ಇಂಜೆಕ್ಷನ್ ಪಡೆದ ತಾಯಂದಿರಿಗಿಂತ ಪೂರ್ತಿ ಪ್ರಜ್ಞೆ ತಪ್ಪಿಸಿದ ತಾಯಂದಿರಲ್ಲಿ ಹೆಚ್ಚಿತ್ತು. ಅರಿವಳಿಕೆ ಕೊಟ್ಟವರಿಗೆ ತರಬೇತಿ ಕಡಿಮೆ ಇದ್ದ ಕಡೆಯೂ ಹೆಚ್ಚಿತ್ತು.

ಆ ಕೊನೆಯ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ಜೀವ ಉಳಿಸಿದ್ದು ತರಬೇತಿ. ಹೆಸರಿನ ಹಿಂದೆ ಯಾವ ಡಿಗ್ರಿ ಇದೆ ಅನ್ನುವುದಕ್ಕಿಂತ, ಆ ಕೆಲಸವನ್ನು ಸರಿಯಾಗಿ ಹೇಳಿಕೊಟ್ಟಿದ್ದಾರೆಯೇ ಅನ್ನುವುದು ಮುಖ್ಯ. ಇನ್ನೊಂದು ವಿಷಯ. ಆ 85 ಜನರಲ್ಲಿ 68 ಜನ ಸತ್ತದ್ದು ಆಪರೇಷನ್ ಟೇಬಲ್ ಮೇಲೆ ಅಲ್ಲ, ಆಮೇಲೆ ವಾರ್ಡಿನಲ್ಲಿ. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇದ್ದರೆ ಒಳಗೆ ರಕ್ತ ಸೋರುವುದನ್ನು ಗಮನಿಸುವವರು ಯಾರು? ರೋಗಿಯ ಜೊತೆ ಬಂದ ಅಮ್ಮನೋ ಅಕ್ಕನೋ. ಅಲ್ಲಿ ಅವರನ್ನು ಗಾರ್ಡಿಯನ್ ಅನ್ನುತ್ತಾರೆ. ಆಸ್ಪತ್ರೆ ಅಂಗಳದಲ್ಲೇ ಇದ್ದು ಅಡುಗೆ ಮಾಡಿ, ಬಟ್ಟೆ ಒಗೆದು ರೋಗಿಯನ್ನು ನೋಡಿಕೊಳ್ಳುವವರು. ಮಗಳ ಮೈ ತಣ್ಣಗಾಗುತ್ತಿದೆ ಎಂದು ಓಡಿ ಬಂದು ನಮಗೆ ಹೇಳಿದ ಗಾರ್ಡಿಯನ್‌ಗಳನ್ನು ನಾನು ಕಂಡಿದ್ದೇನೆ.

ನಾನು ಕಲಿತದ್ದು ಯಾರಿಂದ ಅಂತಲೂ ನೀವು ಕೇಳಿದ್ದೀರಿ. ಹೆಸರು ಹಾಕುವುದಿಲ್ಲ, ಅವರಿಗೆ ಅದು ಇಷ್ಟವಾಗದು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಹುಕಾಲ ಕೆಲಸ ಮಾಡಿ ಬ್ಲಾಂಟೈರ್‌ಗೆ ಬಂದಿದ್ದ ಆಫೀಸರ್. ಬೆನ್ನುಮೂಳೆಯ ಸಂದು ಹುಡುಕುವಾಗ ಕಣ್ಣು ಮುಚ್ಚುತ್ತಿದ್ದರು. ಮೊದಲು ಅಲ್ಲಿನ ಭಾಷೆ ಚಿಚೇವಾದಲ್ಲಿ ತಾಯಿಗೆ ಎಲ್ಲವನ್ನೂ ನಿಧಾನವಾಗಿ ಹೇಳುತ್ತಿದ್ದರು. ಸೂಜಿ ಚುಚ್ಚುವಾಗ 'ಪೆಪಾನಿ, ಅಮಾಯಿ' ಅನ್ನುತ್ತಿದ್ದರು, ಕ್ಷಮಿಸಿ ಅಮ್ಮಾ ಅಂತ. ನನಗೆ ಅವರು ಕಲಿಸಿದ ದೊಡ್ಡ ಪಾಠ ಸೂಜಿಯದ್ದಲ್ಲ. ಯಾರಿಗೆ ಬೆನ್ನಿಗೆ ಕೊಡಬಾರದು ಅನ್ನುವುದು. ರಕ್ತ ಹೋಗಿ ಬಿಳುಚಿಕೊಂಡ ತಾಯಿಗೆ ಬೆನ್ನಿನ ಇಂಜೆಕ್ಷನ್ ಕೊಟ್ಟರೆ ಬಿಪಿ ಕುಸಿದು ಎದ್ದೇಳುವುದಿಲ್ಲ. ಅವರು ಮೊದಲು ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದರು, ಪಾದ ಮುಟ್ಟಿ ನೋಡುತ್ತಿದ್ದರು. ಆಮೇಲೆ ತೀರ್ಮಾನ. ಪುಸ್ತಕದಲ್ಲಿ ನಾನೂ ಓದಿದ್ದೆ. ಆದರೆ ನಡುರಾತ್ರಿ, ಲ್ಯಾಬ್ ಬಾಗಿಲು ಹಾಕಿರುವಾಗ, ಅಂಗೈ ತಾಗಿಸಿ ತೀರ್ಮಾನ ಮಾಡುವುದನ್ನು ಕಲಿತದ್ದು ಅವರಿಂದ.

ಪ್ರಶ್ನೆ: ಕರೆಂಟ್ ಇಲ್ಲ, ಆಕ್ಸಿಜನ್ ಸಿಲಿಂಡರ್ ಇಲ್ಲ ಅಂದರೆ ಅರಿವಳಿಕೆ ಯಂತ್ರ ನಡೆಯುವುದು ಹೇಗೆ? — ಬಯೋಮೆಡಿಕಲ್ ಎಂಜಿನಿಯರ್

ನಿಮ್ಮ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಮಲಾವಿಯ ಕತೆಯಲ್ಲಿ ನನಗೆ ಹೆಮ್ಮೆ ತರುವ ಭಾಗ ಇದೇ.

ದೊಡ್ಡ ಆಸ್ಪತ್ರೆಗಳಲ್ಲಿ ನೀವು ನೋಡಿರುವ ಯಂತ್ರಕ್ಕೆ ಒತ್ತಡದಲ್ಲಿ ಗ್ಯಾಸ್ ಬರುತ್ತಲೇ ಇರಬೇಕು. ಸಿಲಿಂಡರ್ ಖಾಲಿ ಆದರೆ ಯಂತ್ರ ನಿಂತಿತು. 1950ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಮ್ಯಾಕಿಂಟಾಷ್ ಮತ್ತು ಎಪ್‌ಸ್ಟೀನ್ ಎಂಬ ಭೌತವಿಜ್ಞಾನಿ ಸೇರಿ ಬೇರೆ ಥರದ ಒಂದು ಪೆಟ್ಟಿಗೆ ಮಾಡಿದರು. ಅವರಿಬ್ಬರ ಮತ್ತು ಊರಿನ ಹೆಸರಿನ ಮೊದಲ ಅಕ್ಷರ ಸೇರಿಸಿ ಇಎಂಒ ಅಂತ ಕರೆದರು. ಅದರೊಳಗೆ ಈಥರ್. ಸುತ್ತ ನೀರು ತುಂಬಿದ ಕವಚ, ಈಥರ್ ತೀರಾ ತಣ್ಣಗಾಗದಂತೆ, ತೀರಾ ಬಿಸಿಯಾಗದಂತೆ. ರೋಗಿ ಉಸಿರು ಎಳೆದಾಗ ಕೋಣೆಯ ಗಾಳಿಯೇ ಈಥರ್ ಮೇಲೆ ಹಾದು ಒಳಗೆ ಹೋಗುತ್ತದೆ. ಇದಕ್ಕೆ ಡ್ರಾ-ಓವರ್ ಅನ್ನುತ್ತಾರೆ. ರೋಗಿ ತಾನೇ ಉಸಿರಾಡದಿದ್ದರೆ ಪಕ್ಕದಲ್ಲಿ ಒಂದು ತಿದಿ ಇರುತ್ತದೆ, ಕೈಯಿಂದ ಒತ್ತಬೇಕು. ಸಿಲಿಂಡರ್ ಬೇಡ, ಕರೆಂಟ್ ಬೇಡ. ಬ್ರಿಟಿಷರು ಆಳಿದ ಆಫ್ರಿಕಾದ ದೇಶಗಳಲ್ಲಿ ಈ ಪೆಟ್ಟಿಗೆ ದಶಕಗಟ್ಟಲೆ ಕೆಲಸ ಮಾಡಿತು. ಈಥರ್ ಉಸಿರನ್ನು ಅಷ್ಟು ಬೇಗ ಕುಂದಿಸುವುದಿಲ್ಲ, ಹೃದಯವನ್ನೂ ಕಾಪಾಡುತ್ತದೆ. ತರಬೇತಿ ಕಡಿಮೆ ಇರುವವರ ಕೈಯಲ್ಲೂ ರೋಗಿ ಉಳಿಯುವ ಔಷಧಿ. ತೊಂದರೆ ಏನೆಂದರೆ ಬೆಂಕಿ ಹತ್ತುತ್ತದೆ, ವಾಂತಿ ಬರಿಸುತ್ತದೆ, ಎಚ್ಚರ ಆಗಲು ತುಂಬಾ ಹೊತ್ತು ಬೇಕು. 1956ರಲ್ಲಿ ಹ್ಯಾಲೋಥೇನ್ ಎಂಬ ಹೊಸ ಅರಿವಳಿಕೆ ಔಷಧಿ ಬಂದಮೇಲೆ ಶ್ರೀಮಂತ ದೇಶಗಳು ಈಥರ್ ಬಿಟ್ಟವು. ಕ್ರಮೇಣ ಅದನ್ನು ತಯಾರಿಸುವವರೂ ಕಡಿಮೆಯಾದರು, ಹಾಗಾಗಿ ಬಡ ದೇಶಗಳೂ ಬಿಡಬೇಕಾಯಿತು. ಈಥರ್ ಬೇಕು ಅಂದವರ ಮಾತು ಯಾರೂ ಕೇಳಲಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಇನ್ನು ಆಕ್ಸಿಜನ್. ಮಲಾವಿಗೆ ಸಮುದ್ರ ಇಲ್ಲ. ಸರಕು ಮೊಜಾಂಬಿಕ್‌ನ ಬೈರಾ, ನಕಾಲಾ ಬಂದರುಗಳಿಂದ ರೈಲಿನಲ್ಲಿ ಬರುತ್ತಿತ್ತು. 1980ರ ದಶಕದಲ್ಲಿ ಮೊಜಾಂಬಿಕ್‌ನ ಅಂತರ್ಯುದ್ಧದಿಂದ ಆ ರೈಲು ದಾರಿಗಳು ಮುಚ್ಚಿದವು. ಸರಕೆಲ್ಲ ದಕ್ಷಿಣ ಆಫ್ರಿಕಾದಿಂದ ಸುತ್ತಿ ಲಾರಿಯಲ್ಲಿ ಬರಬೇಕಾಯಿತು. ಖರ್ಚು ಏರಿತು, ಕಾಯುವುದು ಜಾಸ್ತಿಯಾಯಿತು. ದೇಶದೊಳಗೂ ಅಷ್ಟೇ. ದಕ್ಷಿಣದ ಕೊನೆಯ ಜಿಲ್ಲೆ ನ್ಸಾಂಜೆಗೆ ಮಳೆಗಾಲದಲ್ಲಿ ಸಿಲಿಂಡರ್ ತಲುಪಿಸುವುದು ಅಂದರೆ ನದಿ ಅನುಮತಿ ಕೊಡಬೇಕು.

ಫೆಂಟನ್ 1980ರ ದಶಕದಲ್ಲಿ ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಗೆ ಬಂದರು. ಜನ ಅದನ್ನು ಕ್ವೀನ್ಸ್ ಅಂತಾರೆ, 1958ರಲ್ಲಿ ತೆರೆದದ್ದು. ಅವರು ಆಕ್ಸಿಜನ್ ಕಾನ್ಸೆಂಟ್ರೇಟರನ್ನು ಅರಿವಳಿಕೆ ಯಂತ್ರಕ್ಕೆ ಜೋಡಿಸಿದರು. ಕಾನ್ಸೆಂಟ್ರೇಟರ್ ಒಳಗೆ ಜಿಯೋಲೈಟ್ ಎಂಬ ಖನಿಜದ ಹರಳುಗಳು ಇರುತ್ತವೆ. ಗಾಳಿಯನ್ನು ಒತ್ತಿ ಅದರ ಮೂಲಕ ಬಿಟ್ಟರೆ ನೈಟ್ರೋಜನ್ ಅಲ್ಲೇ ಉಳಿದು, ನೂರಕ್ಕೆ ತೊಂಬತ್ತಕ್ಕೂ ಮೀರಿ ಆಕ್ಸಿಜನ್ ಇರುವ ಗಾಳಿ ಹೊರಬರುತ್ತದೆ. ಕರೆಂಟ್ ಇದ್ದರೆ ಸಾಕು, ಸಿಲಿಂಡರ್ ಬೇಡ. 1989ರಲ್ಲಿ ಇದರ ಬಗ್ಗೆ ಅವರು ಪ್ರಕಟಿಸಿದ ಲೇಖನದಲ್ಲಿ ಅದನ್ನು ಕರೆದದ್ದೇ 'ಮಲಾವಿ ಅರಿವಳಿಕೆ ಯಂತ್ರ' ಅಂತ. ಮುಂದೆ ಇದೇ ಯೋಚನೆ ಬೆಳೆದು ಯುನಿವರ್ಸಲ್ ಅನಸ್ತೇಶಿಯಾ ಮಷೀನ್ ಆಯಿತು. ಕರೆಂಟ್ ಇರುವಾಗ ಕಾನ್ಸೆಂಟ್ರೇಟರ್‌ನ ಆಕ್ಸಿಜನ್. ಕರೆಂಟ್ ಹೋದರೆ ಕೋಣೆಯ ಗಾಳಿ ಎಳೆದುಕೊಂಡು ಡ್ರಾ-ಓವರ್ ಆಗಿ ನಡೆಯುತ್ತದೆ. ರೋಗಿಯ ನಿದ್ದೆ ಕೆಡುವುದಿಲ್ಲ.

ಇದು ಹಳೇ ಕಾಲದ ಸಮಸ್ಯೆ ಅಂತ ತಿಳಿಯಬೇಡಿ. ಮಲಾವಿಯ ಕರೆಂಟ್ ಹೆಚ್ಚಿನ ಪಾಲು ಶಿರೆ ನದಿಯಿಂದ ಬರುತ್ತದೆ. 2022ರ ಜನವರಿಯಲ್ಲಿ ಅನಾ ಚಂಡಮಾರುತ ಬಂದು ಆ ನದಿಯ ಕಪಿಚಿರಾ ವಿದ್ಯುತ್ ಕೇಂದ್ರದ ಅಣೆಕಟ್ಟನ್ನೇ ಒಡೆಯಿತು. ದೇಶಕ್ಕೆಲ್ಲ ಕತ್ತಲೆ. ಆಗಲೂ ತಿದಿ ಒತ್ತುವುದು ಬಲ್ಲವರು ಬೇಕಾಯಿತು.

ನಾನಿದ್ದ ಕಾಲದ ಒಂದು ರಾತ್ರಿ. ಮಗುವಿನ ಕರುಳು ಸಿಕ್ಕಿಕೊಂಡಿತ್ತು, ಹೊಟ್ಟೆ ತೆರೆದಿತ್ತು, ಕರೆಂಟ್ ಹೋಯಿತು. ನಾನು ಟಾರ್ಚ್ ಎಲ್ಲಿದೆ ಅಂತ ತಡಕುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಆಫೀಸರ್ ತಿದಿಗೆ ಕೈ ಹಾಕಿಯಾಗಿತ್ತು. ಕತ್ತಲಲ್ಲಿ ಅವರ ಒಂದು ಕೈ ಒತ್ತುತ್ತಿತ್ತು, ಇನ್ನೊಂದು ಕೈಯ ಬೆರಳು ಮಗುವಿನ ಕತ್ತಿನ ನಾಡಿಯ ಮೇಲೆ. 'ಚೆನ್ನಾಗಿದ್ದಾನೆ, ನೀವು ಮುಂದುವರಿಸಿ' ಅಂತ ಸರ್ಜನ್‌ಗೆ ಹೇಳಿದರು. ಜನರೇಟರ್ ಶುರುವಾಗುವವರೆಗೆ ಆ ಕೋಣೆಯಲ್ಲಿ ಕೇಳುತ್ತಿದ್ದದ್ದು ತಿದಿಯ ಸದ್ದು ಮಾತ್ರ. ಹುಡುಗ ಬದುಕಿದ.

ಪ್ರಶ್ನೆ: ಕೆಟಮಿನ್ ನಶೆಯ ಪದಾರ್ಥ ಅಂತ ಪೇಪರಿನಲ್ಲಿ ಓದಿದೆ. ಅಲ್ಲಿ ಅದನ್ನೇ ಕೊಡುತ್ತಾರಂತೆ? — ಓದುಗರು

ದುರುಪಯೋಗ ಮಾಡುವವರು ಇದ್ದಾರೆ, ನಿಜ. ಆದರೆ ಅದು ಒಳ್ಳೆಯ ಅರಿವಳಿಕೆ ಔಷಧಿ. 1962ರಲ್ಲಿ ಅಮೆರಿಕದಲ್ಲಿ ತಯಾರಾಯಿತು, 1970ರಲ್ಲಿ ಒಪ್ಪಿಗೆ ಸಿಕ್ಕಿತು. ಸಾಮಾನ್ಯವಾಗಿ ಉಸಿರು ನಿಲ್ಲಿಸುವುದಿಲ್ಲ, ಬಿಪಿ ಬೀಳಿಸುವುದಿಲ್ಲ, ನೋವು ಪೂರ್ತಿ ತೆಗೆಯುತ್ತದೆ. ಯಂತ್ರವೇ ಬೇಡ, ಒಂದು ಸಿರಿಂಜ್ ಸಾಕು. ಎಚ್ಚರಾಗುವಾಗ ಕೆಲವರಿಗೆ ಕೆಟ್ಟ ಕನಸು ಬೀಳುತ್ತದೆ, ಆಗ ಪಕ್ಕದಲ್ಲಿ ಯಾರಾದರೂ ಕೂತು ಮೆಲ್ಲಗೆ ಮಾತಾಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇದೆ. ದುರುಪಯೋಗದ ಹೆದರಿಕೆಯಿಂದ ಇದನ್ನು ಬಿಗಿಯಾಗಿ ನಿರ್ಬಂಧಿಸಬೇಕು ಎಂಬ ಮಾತು ಆಗಾಗ ಏಳುತ್ತದೆ. ಹಾಗೆ ಮಾಡಿದರೆ ಮೊದಲ ಪೆಟ್ಟು ಬೀಳುವುದು ಮಲಾವಿಯಂಥ ದೇಶದ ಜಿಲ್ಲಾ ಆಸ್ಪತ್ರೆಗೆ.

ಪ್ರಶ್ನೆ: ಈಗ ಪರಿಸ್ಥಿತಿ ಸುಧಾರಿಸಿದೆಯೇ? — ನರ್ಸಿಂಗ್ ವಿದ್ಯಾರ್ಥಿನಿ

ಸುಧಾರಿಸಿದೆಯಮ್ಮ, ಆದರೆ ಸಾಲದು. 2000ದ ಆರಂಭದ ವರ್ಷಗಳಲ್ಲಿ ಮಲಾವಿಯ ನರ್ಸ್‌ಗಳು ಗುಂಪು ಗುಂಪಾಗಿ ಇಂಗ್ಲೆಂಡಿಗೆ ಹೋದರು. ಆ ಕಡೆ ಎಚ್ಐವಿ ಕೂಡ ಆಸ್ಪತ್ರೆಯ ಸಿಬ್ಬಂದಿಯನ್ನೇ ಕೊಂಡೊಯ್ಯುತ್ತಿತ್ತು. ಸರ್ಕಾರ ಮತ್ತು ದಾನಿ ದೇಶಗಳು ಸೇರಿ, ಇರುವವರನ್ನು ಉಳಿಸಿಕೊಳ್ಳಲು ಸಂಬಳಕ್ಕೆ 52 ಶೇಕಡಾ ಸೇರಿಸಿ ಕೊಟ್ಟವು. ಕ್ಲಿನಿಕಲ್ ಆಫೀಸರುಗಳಿಗೂ ಸಿಕ್ಕಿತು. ಅದರಿಂದ ಒಂದಷ್ಟು ಜನ ಉಳಿದರು. ಈಗ ಬ್ಲಾಂಟೈರ್‌ನಲ್ಲೇ ಅರಿವಳಿಕೆಯಲ್ಲಿ ಸ್ನಾತಕೋತ್ತರ ಓದು ಇದೆ. 2017ರಲ್ಲಿ ಕ್ವೀನ್ಸ್ ಆವರಣದಲ್ಲಿ ಮಕ್ಕಳ ಸರ್ಜರಿಗೆಂದೇ ಮರ್ಸಿ ಜೇಮ್ಸ್ ಕೇಂದ್ರ ಶುರುವಾಯಿತು.

ನಾನು ಮೊದಲು ಹೋದಾಗ ಎಷ್ಟೋ ಥಿಯೇಟರ್‌ಗಳಲ್ಲಿ ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಇರಲಿಲ್ಲ. ತುಟಿಯ ಬಣ್ಣ, ನಾಲಿಗೆಯ ಬಣ್ಣ ನೋಡಿ ಅಂದಾಜು ಮಾಡುತ್ತಿದ್ದೆವು. 2011ರಲ್ಲಿ ಶುರುವಾದ ಲೈಫ್‌ಬಾಕ್ಸ್ ಎಂಬ ಸಂಸ್ಥೆ ಇಂಥ ದೇಶಗಳಿಗೆಂದೇ ಗಟ್ಟಿಮುಟ್ಟಾದ ಆಕ್ಸಿಮೀಟರ್ ಕೊಡತೊಡಗಿತು. ಆಮೇಲೆ ಕ್ಯಾಪ್ನೋಗ್ರಾಫ್ ಬಂತು. ಉಸಿರಿನ ಕೊಳವೆ ಶ್ವಾಸನಾಳಕ್ಕೆ ಹೋಗಿದೆಯೇ, ಅನ್ನನಾಳಕ್ಕೆ ಹೋಗಿದೆಯೇ ಅಂತ ಕೆಲವೇ ಉಸಿರಿನಲ್ಲಿ ಹೇಳಿಬಿಡುವ ಸಾಧನ. ಒಂದು ಯೋಜನೆಯಲ್ಲಿ ಮಲಾವಿಯ ಎಂಟು ಆಸ್ಪತ್ರೆಗಳಿಗೆ ಇಂಥ 40 ಸಾಧನ ಕೊಟ್ಟು, ಬಳಸುವುದನ್ನು ಕಲಿಸಿದರು. ತಪ್ಪು ದಾರಿಗೆ ಹೋದ ಕೊಳವೆಗಳನ್ನು ಅವು ಆಗಲೇ ಹಿಡಿದುಕೊಟ್ಟವು. ಒಂದೊಂದೂ ಒಂದು ಜೀವ. ನೀನು ಥಿಯೇಟರ್ ನರ್ಸ್ ಆಗುವುದಾದರೆ ಈ ಪರದೆಯ ಮೇಲಿನ ಅಲೆಯನ್ನು ಓದುವುದನ್ನು ಈಗಲೇ ಕಲಿತುಕೋ. ಡಾಕ್ಟರುಗಳ ಕೆಲಸ ಅಂತ ಬಿಡಬೇಡ.

ಪ್ರಶ್ನೆ: ನಾನು ಅರಿವಳಿಕೆಯಲ್ಲಿ ಎಂಡಿ ಮುಗಿಸಿದ್ದೇನೆ. ಮಲಾವಿಗೆ ಹೋಗಿ ಕೆಲಸ ಮಾಡುವ ಆಸೆ. ನಮ್ಮ ಆಸ್ಪತ್ರೆಯ ಹಳೇ ಯಂತ್ರಗಳನ್ನೂ ಕೊಂಡೊಯ್ಯಬಹುದೇ? — ಯುವ ವೈದ್ಯೆ

ಹೋಗಿ, ಖಂಡಿತ ಹೋಗಿ. ಯಂತ್ರ ಮಾತ್ರ ಬೇಡ.

ಅಲ್ಲಿನ ಒಂದು ಆಸ್ಪತ್ರೆಯ ಹಿಂದಿನ ಉಗ್ರಾಣಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದರು. ದಾನವಾಗಿ ಬಂದ ಅರಿವಳಿಕೆ ಯಂತ್ರಗಳು ಸಾಲಾಗಿ ನಿಂತಿದ್ದವು. ಒಂದಕ್ಕೆ 110 ವೋಲ್ಟ್ ಬೇಕು, ಅಲ್ಲಿರುವುದು 230. ಇನ್ನೊಂದಕ್ಕೆ ಪೈಪಿನಲ್ಲಿ ಆಕ್ಸಿಜನ್ ಬರಬೇಕು, ಪೈಪೇ ಇಲ್ಲ. ಮತ್ತೊಂದರ ಬಿಡಿಭಾಗ ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಕಳಿಸಿದವರ ಮನಸ್ಸು ಒಳ್ಳೆಯದೇ ಇದ್ದಿರಬಹುದು. ಆದರೆ ಕಳಿಸುವ ಮೊದಲು ಅಲ್ಲಿ ಕೆಲಸ ಮಾಡುವವರನ್ನು ಒಂದು ಮಾತು ಕೇಳಿರಲಿಲ್ಲ. ನಮಗೆ ಬೇಕಾದ ಸಣ್ಣ ಸೂಜಿ, ಬೆನ್ನಿನ ಇಂಜೆಕ್ಷನ್ನಿನ ಔಷಧಿ, ಮಕ್ಕಳ ಅಳತೆಯ ಮಾಸ್ಕ್ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ.

ಮೊದಲು ಮಲಾವಿ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಿ, ಅದಿಲ್ಲದೆ ರೋಗಿಯನ್ನು ಮುಟ್ಟುವ ಹಾಗಿಲ್ಲ. ಎರಡು ವಾರದ ಮಟ್ಟಿಗೆ ಹೋಗಬೇಡಿ. ನಿಮಗೆ ದಾರಿ ತೋರಿಸುವುದರಲ್ಲೇ ಅವರ ಸಮಯ ಹೋಗುತ್ತದೆ. ಕಡಿಮೆ ಅಂದರೂ ವರ್ಷದ ಲೆಕ್ಕದಲ್ಲಿ ಯೋಚಿಸಿ. ಕಲಿಸುವ ಕೆಲಸ ಕೇಳಿ ಪಡೆಯಿರಿ, ಯಾಕೆಂದರೆ ನೀವು ವಾಪಸು ಬಂದ ಮೇಲೂ ಅಲ್ಲಿ ಉಳಿಯುವುದು ಅದೇ. ಚಿಚೇವಾ ನಾಲ್ಕು ಮಾತು ಕಲಿತು ಹೋಗಿ, ಬೆನ್ನು ಬಗ್ಗಿಸಿ ಕೂರಲು ಹೇಳುವಷ್ಟಾದರೂ. ಡ್ರಾ-ಓವರ್ ಯಂತ್ರದ ಮೇಲೆ ಹೋಗುವ ಮೊದಲೇ ಕೈ ಪಳಗಿಸಿಕೊಳ್ಳಿ. ಇದನ್ನು ಹೇಳಿಕೊಡುವ ಕೋರ್ಸ್‌ಗಳಿವೆ. ಅಲ್ಲಿಗೆ ಹೋದ ಮೊದಲ ವಾರ ಹಿರಿಯ ಕ್ಲಿನಿಕಲ್ ಆಫೀಸರ್ ಒಬ್ಬರ ಪಕ್ಕದಲ್ಲಿ ನಿಂತು ಅವರು ಮಾಡುವುದನ್ನು ನೋಡಿ, ಅನುಮಾನ ಬಂದರೆ ಅವರನ್ನೇ ಕೇಳಿ.